ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ: 14 ಸಾವಿರ ಕಿ.ಮೀ. ಹಾರಾಟ, ಚನ್ನಗಿರಿಯಿಂದ ಎಷ್ಟು ಹೊತ್ತಿನ ಹಾದಿ?

ದಾವಣಗೆರೆ: ಬೆಂಗಳೂರಿನಿಂದ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರಕ್ಕೆ ವಾಯುಮಾರ್ಗದ ದೂರ ಸುಮಾರು 14,000 ಕಿ.ಮೀ. ವಿಮಾನ ಎಲ್ಲಿಯೂ ಇಳಿಯದೆ ಹಾರಿದರೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17ರಿಂದ 18 ಗಂಟೆ ಬೇಕು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಥವಾ ಜಗಳೂರಿನ ಮನೆಯಿಂದ ಹೊರಟವರಿಗೆ ಈ ಲೆಕ್ಕ ಸಾಲದು. ಊರಿನಿಂದ ದೇವನಹಳ್ಳಿಯವರೆಗಿನ ರಸ್ತೆ, ನಿಲ್ದಾಣದಲ್ಲಿನ ಕಾಯುವಿಕೆ, ಮಧ್ಯದ ನಿಲುಗಡೆ ಎಲ್ಲವನ್ನೂ ಕೂಡಿದರೆ ಪಯಣ 26 ಗಂಟೆಯಿಂದ 34 ಗಂಟೆಯವರೆಗೆ ಬೆಳೆಯುತ್ತದೆ.

ಓದು ಮತ್ತು ಉದ್ಯೋಗಕ್ಕಾಗಿ ಮಕ್ಕಳು ಹೊರದೇಶದಲ್ಲಿರುವ ಕುಟುಂಬಗಳು ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಣಸಿಗುತ್ತವೆ. ಮಗಳ ಬಾಣಂತನಕ್ಕೆ ಹೊರಡುವ ತಾಯಿಗೆ, ತಂದೆಯ ಅನಾರೋಗ್ಯದ ಸುದ್ದಿ ಕೇಳಿ ಧಾವಿಸುವ ಮಗನಿಗೆ ಟಿಕೆಟ್‌ನ ಮೇಲೆ ಅಚ್ಚಾದ ಗಂಟೆಗಳಿಗಿಂತ ಬಾಗಿಲಿನಿಂದ ಬಾಗಿಲಿಗೆ ತಗಲುವ ಗಂಟೆಗಳೇ ಮುಖ್ಯ. ಆ ಲೆಕ್ಕದ ವಿವರ ಇಲ್ಲಿದೆ.

ವಿಮಾನ ನಿಲ್ದಾಣವಿಲ್ಲದ ಜಿಲ್ಲೆ

ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 15ರಂದು. ಜಗಳೂರು ಅದಕ್ಕೆ ಮೊದಲು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾಯಿತು. ಅಡಿಕೆಯ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಮಲೆನಾಡಿನ ಸೆರಗಿನ ನ್ಯಾಮತಿ, ಮಳೆ ಕಡಿಮೆಯ ಜಗಳೂರು ಒಂದಕ್ಕೊಂದು ಹೋಲುವ ಊರುಗಳಲ್ಲ. ಒಂದು ವಿಷಯದಲ್ಲಿ ಮಾತ್ರ ನಾಲ್ಕಕ್ಕೂ ಒಂದೇ ಸ್ಥಿತಿ: ಈ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ, ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ.

ಹೀಗಾಗಿ ಅಮೆರಿಕ, ಯುರೋಪ್‌ಗಳತ್ತ ಹೊರಟವರ ನಿಜವಾದ ಆರಂಭ ಬಿಂದು ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. 2008ರ ಮೇ 24ರಂದು ಕಾರ್ಯಾರಂಭ ಮಾಡಿದ ಈ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ಸಂಚಾರವನ್ನು ಟರ್ಮಿನಲ್ 2ಕ್ಕೆ ವರ್ಗಾಯಿಸಲಾಯಿತು.

ದೂರವನ್ನು ಅಳೆಯುವ ಬಗೆ

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರದ ಮೇಲೆ ಅಡ್ಡಲಾಗಿ ಸಾಗುತ್ತದೆ. ಆದರೆ ಭೂಮಿ ದುಂಡಗಿದೆ. ಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಸಾಗರದ ನಡುವೆ ಹೋಗದೆ ಉತ್ತರಕ್ಕೆ ಏರುತ್ತದೆ. ಹಿಮಾಲಯ, ಚೀನಾದ ಪಶ್ಚಿಮ ಭಾಗ, ಮಂಗೋಲಿಯಾ, ರಷ್ಯಾದ ಸೈಬೀರಿಯಾಗಳನ್ನು ದಾಟಿ, ಉತ್ತರ ಅಕ್ಷಾಂಶ 71 ಡಿಗ್ರಿಯ ಆಸುಪಾಸಿಗೆ ಮುಟ್ಟಿ, ಅಲಾಸ್ಕಾದ ಮೂಲಕ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ವಿಮಾನಯಾನದಲ್ಲಿ ‘ದೂರ’ ಎಂದರೆ ಸಾಮಾನ್ಯವಾಗಿ ಈ ದಾರದ ಉದ್ದ. ಗೋಳವನ್ನು ಎರಡು ಸಮಭಾಗ ಮಾಡುವ ವೃತ್ತದ ಒಂದು ತುಂಡು ಇದಾಗಿರುವುದರಿಂದ ಇದನ್ನು ಮಹಾವೃತ್ತ ದೂರ ಎನ್ನುತ್ತಾರೆ.

ಪೈಲಟ್‌ಗಳು ದೂರವನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ.ಗೆ ಸಮ. ಈ ಲೆಕ್ಕದಲ್ಲಿ 14,000 ಕಿ.ಮೀ. ಎಂದರೆ ಸುಮಾರು 7,560 ನಾಟಿಕಲ್ ಮೈಲಿ. ಸಾಮಾನ್ಯ ಮೈಲಿಯಲ್ಲಿ ಸುಮಾರು 8,700. ಒಂದೇ ಮಾರ್ಗಕ್ಕೆ ಬೇರೆ ಬೇರೆ ಅಂಕಿ ಕಂಡಾಗ ಗೊಂದಲಕ್ಕೆ ಒಳಗಾಗಬೇಕಿಲ್ಲ, ಅಳತೆಯ ಮಾನ ಯಾವುದೆಂದು ನೋಡಿದರೆ ಸಾಕು.

ದೊಡ್ಡ ಪ್ರಯಾಣಿಕ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತದೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಮೇಲೇರುವ, ಕೆಳಗಿಳಿಯುವ, ರನ್‌ವೇಗೆ ಸಾಗುವ ಸಮಯ ಸೇರಿದಾಗ ಅದು 16 ಗಂಟೆ ದಾಟುತ್ತದೆ. ಟಿಕೆಟ್‌ನಲ್ಲಿ ನಮೂದಾಗುವುದು ವಿಮಾನ ತನ್ನ ನಿಲುಗಡೆ ಸ್ಥಳ ಬಿಟ್ಟ ಗಳಿಗೆಯಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನ ಸಮಯ.

ಗಾಳಿಯ ಪಾತ್ರ

ದೂರ ಒಂದೇ ಆದರೂ ಹೋಗುವ ಮತ್ತು ಬರುವ ಸಮಯ ಒಂದೇ ಅಲ್ಲ. ವಿಮಾನಗಳು ಹಾರುವ ಎತ್ತರದಲ್ಲಿ, ಅಂದರೆ ನೆಲದಿಂದ 9ರಿಂದ 12 ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿಯ ಹೊಳೆಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಎಂದು ಕರೆಯುವ ಈ ಗಾಳಿ ಚಳಿಗಾಲದಲ್ಲಿ ಇನ್ನಷ್ಟು ಬಲಗೊಳ್ಳುತ್ತದೆ. ಪೂರ್ವಾಭಿಮುಖವಾಗಿ ಅಮೆರಿಕಕ್ಕೆ ಸಾಗುವ ವಿಮಾನಕ್ಕೆ ಇದು ಬೆನ್ನಿಗೆ ಬೀಸುವ ಗಾಳಿ. ಮರಳುವ ವಿಮಾನಕ್ಕೆ ಎದುರುಗಾಳಿ. ಆದ್ದರಿಂದಲೇ ಅನುಕೂಲ ಗಾಳಿ ಸಿಗುವುದಾದರೆ ಸುತ್ತು ಹಾದಿಯನ್ನೂ ವಿಮಾನ ಸಂಸ್ಥೆಗಳು ಆಯ್ದುಕೊಳ್ಳುತ್ತವೆ. ಹಾದಿ ಉದ್ದವಾದರೂ ಹೊತ್ತು ಮತ್ತು ಇಂಧನ ಉಳಿಯುತ್ತದೆ.

ಈ ಮಾರ್ಗದ ಮೊದಲ ನೇರ ಹಾರಾಟ ಕೈಗೊಂಡದ್ದು ಏರ್ ಇಂಡಿಯಾ. 2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟ ಬೋಯಿಂಗ್ 777-200 ಎಲ್‌ಆರ್ ವಿಮಾನವು ಉತ್ತರ ಧ್ರುವದ ಮೇಲಿನಿಂದ ಹಾದು ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಈ ಹಾರಾಟದ ಪೈಲಟ್‌ಗಳೆಲ್ಲರೂ ಮಹಿಳೆಯರಾಗಿದ್ದರು. ತಗಲಿದ ಸಮಯ 17 ಗಂಟೆಗೂ ಹೆಚ್ಚು. ಸುಮಾರು 1,80,000 ಲೀಟರ್ ಇಂಧನ ತುಂಬಿಸಿಕೊಳ್ಳಬಲ್ಲ ಈ ಬಗೆಯ ವಿಮಾನಗಳಿಂದ ಇಂಥ ದೂರ ಕ್ರಮಿಸುವುದು ಸಾಧ್ಯ. ಇಷ್ಟು ದೀರ್ಘ ನೇರ ಸೇವೆಗಳು ಖಾಯಂ ಅಲ್ಲ. ಬೇಡಿಕೆ, ವಿಮಾನದ ಲಭ್ಯತೆ ಮತ್ತು ವಾಯುಪ್ರದೇಶದ ಸ್ಥಿತಿಯನ್ನು ನೋಡಿ ಸಂಸ್ಥೆಗಳು ಅವನ್ನು ಆರಂಭಿಸುವುದೂ ನಿಲ್ಲಿಸುವುದೂ ಉಂಟು. ಪ್ರಯಾಣದ ದಿನಕ್ಕೆ ನೇರ ವಿಮಾನ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಸೂಕ್ತ.

ಆಕಾಶಕ್ಕೂ ಗಡಿಗಳಿವೆ

ಗೋಳದ ಮೇಲಿನ ದಾರಕ್ಕೆ ದೇಶಗಳ ಗಡಿ ಗೊತ್ತಿಲ್ಲ, ವಿಮಾನಕ್ಕೆ ಗೊತ್ತಿದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ನಂತರ ಅಮೆರಿಕ ಮತ್ತು ಯುರೋಪಿನ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ನೇರ ಸೇವೆಯನ್ನು 2020ರಲ್ಲಿ ಘೋಷಿಸಿದ್ದ ಯುನೈಟೆಡ್ ಏರ್‌ಲೈನ್ಸ್ ಅದನ್ನು ಆರಂಭಿಸಲೇ ಇಲ್ಲ. ಅಮೆರಿಕನ್ ಏರ್‌ಲೈನ್ಸ್ ಘೋಷಿಸಿದ್ದ ಸಿಯಾಟಲ್–ಬೆಂಗಳೂರು ಸೇವೆಯೂ ಕಾರ್ಯರೂಪಕ್ಕೆ ಬರಲಿಲ್ಲ.

ಭಾರತೀಯ ಸಂಸ್ಥೆಗಳಿಗೆ ರಷ್ಯಾದ ಹಾದಿ ತೆರೆದಿದ್ದರೂ ಅದು ತೊಡಕಿಲ್ಲದ ಹಾದಿಯಾಗಿರಲಿಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. ಅದರಲ್ಲಿದ್ದ 216 ಪ್ರಯಾಣಿಕರು ಬದಲಿ ವಿಮಾನದಲ್ಲಿ ಪಯಣ ಮುಂದುವರಿಸಿದ್ದು ಜೂನ್ 8ರಂದು. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಸಾಗುವ ವಿಮಾನಗಳು ಸುತ್ತುಹಾಕಬೇಕಾಯಿತು. ಉತ್ತರ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿದವು. ಇಂಥ ಬೆಳವಣಿಗೆಗಳಿಂದ ದೂರ ಬದಲಾಗುವುದಿಲ್ಲ, ಸಮಯ ಬದಲಾಗುತ್ತದೆ.

ಗಡಿಯಾರದ ಲೆಕ್ಕ

ಟಿಕೆಟ್‌ನಲ್ಲಿರುವ ಹೊರಡುವ ಮತ್ತು ತಲುಪುವ ಸಮಯಗಳನ್ನು ಸುಮ್ಮನೆ ಕಳೆದರೆ ಪ್ರಯಾಣದ ಅವಧಿ ಸಿಗುವುದಿಲ್ಲ. ಎರಡೂ ಆಯಾ ಊರಿನ ಸ್ಥಳೀಯ ಸಮಯಗಳು. ಕ್ಯಾಲಿಫೋರ್ನಿಯಾದ ಗಡಿಯಾರ ಚಳಿಗಾಲದಲ್ಲಿ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ಉದಾಹರಣೆಗೆ, ಬೇಸಿಗೆಯ ಒಂದು ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ಭಾರತದಲ್ಲಿ ಮಂಗಳವಾರ ಬೆಳಿಗ್ಗೆ 6 ಗಂಟೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆಗಿನ್ನೂ ಸೋಮವಾರ ಸಂಜೆ 5.30. ಕಾಗದದ ಮೇಲೆ ಮೂರೂವರೆ ಗಂಟೆಯ ಪಯಣದಂತೆ ಕಾಣುತ್ತದೆ. ಮರಳುವಾಗ ಇದರ ವಿರುದ್ಧ. ಸೋಮವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಹದಿನೇಳೂವರೆ ಗಂಟೆ ಹಾರಿದವರು ಬೆಂಗಳೂರಿನಲ್ಲಿ ಇಳಿಯುವುದು ಬುಧವಾರ ನಸುಕಿನ 3ಕ್ಕೆ. ಮಂಗಳವಾರ ಇಡೀ ಆಕಾಶದಲ್ಲೇ ಕಳೆದುಹೋಗುತ್ತದೆ. ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಕಾರು ಕಳುಹಿಸುವವರು ದಿನಾಂಕವನ್ನು ತಪ್ಪಾಗಿ ಎಣಿಸುವುದು ಇಲ್ಲಿಯೇ. ‘ಮರುದಿನ’, ‘ಮೂರನೆಯ ದಿನ’ ಎಂಬ ಗುರುತು ಟಿಕೆಟ್‌ನಲ್ಲಿ ಇರುತ್ತದೆ, ಅದನ್ನು ಗಮನಿಸಬೇಕು.

ಮಧ್ಯೆ ಇಳಿದು ಹೋದರೆ

ನೇರ ವಿಮಾನ ಇಲ್ಲದಿದ್ದಾಗ ಅಥವಾ ದುಬಾರಿಯಾದಾಗ ಒಂದು ನಿಲುಗಡೆಯ ಪಯಣವೇ ಹಾದಿ. ಮಹಾವೃತ್ತ ದೂರದ ಲೆಕ್ಕದಲ್ಲಿ ಕೆಲವು ಆಯ್ಕೆಗಳು ಹೀಗಿವೆ:

ದೆಹಲಿ ಮೂಲಕ: ಸುಮಾರು 14,100 ಕಿ.ಮೀ.
ದುಬೈ ಮೂಲಕ: ಸುಮಾರು 15,740 ಕಿ.ಮೀ.
ಲಂಡನ್ ಮೂಲಕ: ಸುಮಾರು 16,670 ಕಿ.ಮೀ.
ಸಿಂಗಪುರ ಮೂಲಕ: ಸುಮಾರು 16,770 ಕಿ.ಮೀ.

ದೆಹಲಿ ಹೆಚ್ಚುಕಡಿಮೆ ಹಾದಿಯಲ್ಲೇ ಇರುವುದರಿಂದ ಅಲ್ಲಿ ಇಳಿದು ಹೋದರೆ ದೂರ ಬೆಳೆಯುವುದಿಲ್ಲ. ದುಬೈ ಮೂಲಕ ಹೋದರೆ ದೂರ ಶೇ 12ರಷ್ಟು ಹೆಚ್ಚುತ್ತದೆ. ಆದರೆ ದುಬೈಗೆ ನಾಲ್ಕು ಗಂಟೆ, ಅಲ್ಲಿ ಮೂರು ಗಂಟೆ ಕಾಯುವಿಕೆ, ಅಲ್ಲಿಂದ ಮುಂದೆ ಸುಮಾರು 16 ಗಂಟೆ ಎಂದು ಲೆಕ್ಕ ಹಾಕಿದರೆ ಒಟ್ಟು 23 ಗಂಟೆ. ಸಮಯ ಶೇ 44ರ ಸಮೀಪ ಹೆಚ್ಚಿತು. ಕಿಲೋಮೀಟರ್‌ಗಿಂತ ನಿಲುಗಡೆಯೇ ಹೊತ್ತು ತಿನ್ನುತ್ತದೆ ಎಂಬುದು ಇದರಿಂದ ಸ್ಪಷ್ಟ. ಅಗ್ಗದ ಟಿಕೆಟ್‌ಗಳಲ್ಲಿ ಎಂಟು, ಹತ್ತು ಗಂಟೆಯ ನಿಲುಗಡೆಗಳೂ ಇರುತ್ತವೆ.

ಬೆಂಗಳೂರಿನಿಂದ ಇತರ ನಗರಗಳು

ದುಬೈ: ಸುಮಾರು 2,700 ಕಿ.ಮೀ., ಸುಮಾರು 4 ಗಂಟೆ. ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ.
ಸಿಂಗಪುರ: ಸುಮಾರು 3,180 ಕಿ.ಮೀ., ಸುಮಾರು ನಾಲ್ಕೂವರೆ ಗಂಟೆ. ಗಡಿಯಾರ ಎರಡೂವರೆ ಗಂಟೆ ಮುಂದೆ.
ಫ್ರಾಂಕ್‌ಫರ್ಟ್: ಸುಮಾರು 7,400 ಕಿ.ಮೀ., ಹತ್ತು ಗಂಟೆಯ ಆಸುಪಾಸು. ಗಡಿಯಾರ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ.
ಲಂಡನ್: ಸುಮಾರು 8,050 ಕಿ.ಮೀ., 10ರಿಂದ 11 ಗಂಟೆ. ಗಡಿಯಾರ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ.
ಸಿಡ್ನಿ: ಸುಮಾರು 9,350 ಕಿ.ಮೀ., 11ರಿಂದ 12 ಗಂಟೆ. ಕ್ವಾಂಟಾಸ್ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ನೇರ ಸೇವೆ ಆರಂಭಿಸಿತು. ಗಡಿಯಾರ ನಾಲ್ಕೂವರೆ ಗಂಟೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ ಗಂಟೆ ಮುಂದೆ.

ಮನೆಯಿಂದ ದೇವನಹಳ್ಳಿಗೆ

ಶಿವಮೊಗ್ಗ–ಚಿತ್ರದುರ್ಗ ಹೆದ್ದಾರಿಯಲ್ಲಿರುವ ಚನ್ನಗಿರಿಯಿಂದ ಹೊಳಲ್ಕೆರೆ ಮಾರ್ಗವಾಗಿ, ಜಗಳೂರಿನಿಂದ ನೇರವಾಗಿ ಚಿತ್ರದುರ್ಗಕ್ಕೆ ಬಂದು ರಾಷ್ಟ್ರೀಯ ಹೆದ್ದಾರಿ 48 ಸೇರಬಹುದು. ಇವೆರಡು ಊರುಗಳಿಂದ ವಿಮಾನ ನಿಲ್ದಾಣಕ್ಕೆ ಸುಮಾರು 250ರಿಂದ 270 ಕಿ.ಮೀ. ಹೊನ್ನಾಳಿ ಮತ್ತು ನ್ಯಾಮತಿಯಿಂದ 300 ಕಿ.ಮೀ.ಗಿಂತ ತುಸು ಹೆಚ್ಚು. ಹೊನ್ನಾಳಿಯವರು ದಾವಣಗೆರೆಗೆ ಬಂದು ಹೆದ್ದಾರಿ ಹಿಡಿಯಬಹುದು. ನ್ಯಾಮತಿಯವರಿಗೆ ಶಿವಮೊಗ್ಗ, ತರೀಕೆರೆ, ಅರಸೀಕೆರೆ, ತುಮಕೂರು ಹಾದಿಯೂ ಇದೆ. ತುಮಕೂರು ದಾಟಿದ ಮೇಲೆ ಬೆಂಗಳೂರು ನಗರದೊಳಗೆ ಹೋಗದೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ ಮೂಲಕ ದೇವನಹಳ್ಳಿ ಸೇರಿದರೆ ನಗರದ ಸಂಚಾರ ದಟ್ಟಣೆ ತಪ್ಪುತ್ತದೆ. ಕಾರಿನಲ್ಲಿ ಐದರಿಂದ ಆರು ಗಂಟೆ ಹಿಡಿಯುವುದು ಸುರಕ್ಷಿತ.

ರೈಲಿನಲ್ಲಿ ಹೋಗುವವರು ದಾವಣಗೆರೆ, ಹರಿಹರ ಅಥವಾ ಶಿವಮೊಗ್ಗಕ್ಕೆ ಬರಬೇಕು. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲಿಗೆ ದಾವಣಗೆರೆಯಲ್ಲಿ ನಿಲುಗಡೆ ನೀಡಲಾಯಿತು. ಆದರೆ ರೈಲು ಇಳಿಸುವುದು ಬೆಂಗಳೂರು ನಗರದೊಳಗೆ. ಅಲ್ಲಿಂದ ವಿಮಾನ ನಿಲ್ದಾಣ ಇನ್ನೂ ಸುಮಾರು 35 ಕಿ.ಮೀ. ದೂರವಿದ್ದು, ದಟ್ಟಣೆಯ ಹೊತ್ತಿನಲ್ಲಿ ಒಂದೂವರೆ ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಸಾಮಾನು ಹೆಚ್ಚಿರುವವರಿಗೆ ಇದು ತ್ರಾಸದ ಮಾರ್ಗ.

ಮೂರನೆಯ ಆಯ್ಕೆ ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡ ಇಲ್ಲಿಗೆ ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದಿಳಿಯಿತು. ಬೆಂಗಳೂರಿಗೆ ವಾಯುಮಾರ್ಗದಲ್ಲಿ ಸುಮಾರು 240 ಕಿ.ಮೀ., ಹಾರಾಟ ಒಂದು ಗಂಟೆಯ ಆಸುಪಾಸು. ನ್ಯಾಮತಿ, ಹೊನ್ನಾಳಿ ಮತ್ತು ಚನ್ನಗಿರಿಯವರಿಗೆ ಇದೇ ಅತಿ ಸಮೀಪದ ನಿಲ್ದಾಣ. ಆದರೆ ಇದರಿಂದ ಉಳಿತಾಯವಾಗುವುದು ಮುಂದಿನ ವಿಮಾನದ ಹೊತ್ತಿಗೆ ಇದು ಹೊಂದಿದರೆ ಮಾತ್ರ. ಎರಡು ಪ್ರತ್ಯೇಕ ಟಿಕೆಟ್ ಪಡೆದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ವಿಮಾನ ಸಂಸ್ಥೆ ಹೊಣೆಯಾಗುವುದಿಲ್ಲ. ಎರಡೂ ಒಂದೇ ಟಿಕೆಟ್‌ನಲ್ಲಿದ್ದರೆ ಬದಲಿ ವ್ಯವಸ್ಥೆ ಸಂಸ್ಥೆಯ ಜವಾಬ್ದಾರಿ. ಜಗಳೂರಿನವರಿಗೆ ಶಿವಮೊಗ್ಗಕ್ಕೆ ಹೋಗುವುದು ಹಿಂದಕ್ಕೆ ನಡೆದಂತೆ. ಅವರಿಗೆ ಚಿತ್ರದುರ್ಗದ ಹೆದ್ದಾರಿಯೇ ವಾಸಿ. ಗಲ್ಫ್ ದೇಶಗಳಿಗೆ ಹೋಗುವ ನ್ಯಾಮತಿ, ಹೊನ್ನಾಳಿ ಕಡೆಯವರು ಮಂಗಳೂರು ನಿಲ್ದಾಣವನ್ನೂ ಪರಿಗಣಿಸಬಹುದು. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಸ್ಥಿತಿ ವಿಚಾರಿಸಿಕೊಂಡು ಹೊರಡಬೇಕು.

ಬಾಗಿಲಿನಿಂದ ಬಾಗಿಲಿಗೆ

ಎಲ್ಲವನ್ನೂ ಕೂಡಿದಾಗ ಚಿತ್ರ ಹೀಗಿದೆ: ಮನೆಯಿಂದ ದೇವನಹಳ್ಳಿಗೆ 6 ಗಂಟೆ, ತಪಾಸಣೆಗಾಗಿ ಮೊದಲೇ ತಲುಪಬೇಕಾದ 3 ಗಂಟೆ, ಹಾರಾಟ 16 ಗಂಟೆ, ಅಮೆರಿಕದಲ್ಲಿ ವಲಸೆ ತಪಾಸಣೆ ಮತ್ತು ಸಾಮಾನು ಪಡೆಯಲು ಒಂದೂವರೆ ಗಂಟೆ. ಒಟ್ಟು ಇಪ್ಪತ್ತಾರೂವರೆ ಗಂಟೆ. ಒಂದು ನಿಲುಗಡೆಯ ಪಯಣವಾದರೆ ಮೂವತ್ತಮೂರೂವರೆ ಗಂಟೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚನ್ನಗಿರಿ–ದೇವನಹಳ್ಳಿ ನಡುವಣ ದೂರ ಇಡೀ ಪಯಣದ ದೂರದಲ್ಲಿ ಶೇ 2 ಮಾತ್ರ. ನೇರ ವಿಮಾನದಲ್ಲಿ ಹೋಗುವವರ ಒಟ್ಟು ಸಮಯದಲ್ಲಿ ಅದರ ಪಾಲು ಶೇ 20ಕ್ಕೂ ಹೆಚ್ಚು. ಕಾಯುವ ಮೂರು ಗಂಟೆಯನ್ನೂ ಸೇರಿಸಿದರೆ ಪಯಣದ ಮೂರನೆಯ ಒಂದು ಭಾಗ ವಿಮಾನ ನೆಲ ಬಿಡುವ ಮೊದಲೇ ಮುಗಿದಿರುತ್ತದೆ. ಹಾರಾಟದ ಅವಧಿ ಪ್ರಯಾಣಿಕರ ಕೈಯಲ್ಲಿಲ್ಲ. ರಸ್ತೆ ಮತ್ತು ನಿಲುಗಡೆಯ ಆಯ್ಕೆ ಅವರ ಕೈಯಲ್ಲಿದೆ.

ತುರ್ತು ಕರೆ ಬಂದಾಗ

ಈ ಲೆಕ್ಕ ನಿಜಕ್ಕೂ ಪರೀಕ್ಷೆಗೆ ಒಳಗಾಗುವುದು ಮನೆಯಲ್ಲಿ ಸಾವು ಸಂಭವಿಸಿದಾಗ. ‘ಮಗ ಮಣ್ಣಿಗೆ ಬರುತ್ತಾನೆಯೇ, ಎಷ್ಟು ಹೊತ್ತು ಕಾಯಬೇಕು?’ ಎಂಬ ಪ್ರಶ್ನೆಗೆ ಬಂಧುಗಳು ಕೆಲವೇ ನಿಮಿಷಗಳಲ್ಲಿ ಉತ್ತರ ಕಂಡುಕೊಳ್ಳಬೇಕಾಗುತ್ತದೆ.

ಚಳಿಗಾಲದ ಸೋಮವಾರ ಬೆಳಿಗ್ಗೆ 11.30ಕ್ಕೆ ಜಗಳೂರಿನಿಂದ ಕರೆ ಹೋಯಿತೆಂದು ಇಟ್ಟುಕೊಂಡರೆ, ಕ್ಯಾಲಿಫೋರ್ನಿಯಾದಲ್ಲಿ ಆಗ ಭಾನುವಾರ ರಾತ್ರಿ 10 ಗಂಟೆ. ಮೂರು ಗಂಟೆಯೊಳಗೆ ವಿಮಾನ ಹಿಡಿಯಲು ಸಾಧ್ಯವಾದರೆ, ಒಂದು ನಿಲುಗಡೆಯ 24 ಗಂಟೆಯ ಪಯಣದ ನಂತರ ಮಂಗಳವಾರ ಮಧ್ಯಾಹ್ನ 2.30ಕ್ಕೆ ದೇವನಹಳ್ಳಿ, ತಪಾಸಣೆ ಮುಗಿಸಿ ರಸ್ತೆ ಹಿಡಿದರೆ ಊರು ಸೇರುವುದು ರಾತ್ರಿ 9.30ರ ಸುಮಾರಿಗೆ. ಆ ರಾತ್ರಿಯ ವಿಮಾನ ಸಿಗದೆ ಮರುದಿನ ಅಲ್ಲಿನ ಮಧ್ಯಾಹ್ನ ಹೊರಟರೆ ಊರು ತಲುಪುವುದು ಬುಧವಾರ ಬೆಳಿಗ್ಗೆ 8.30ರ ವೇಳೆಗೆ. ಅಂದರೆ ಕರೆ ಹೋದ ಗಳಿಗೆಯಿಂದ 34ರಿಂದ 45 ಗಂಟೆ. ಕಾಯಲು ನಿರ್ಧರಿಸಿದ ಕುಟುಂಬ ಶವವನ್ನು ಎರಡು ದಿನ ಇಡಲು ಆಸ್ಪತ್ರೆಯ ಶವಾಗಾರ ಅಥವಾ ಫ್ರೀಜರ್ ಪೆಟ್ಟಿಗೆಯ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿಕೊಳ್ಳಬೇಕು, ಅಂತ್ಯಕ್ರಿಯೆಯನ್ನು ಬುಧವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಸೂಕ್ತ. ದುಬೈನಲ್ಲಿರುವವರು ಸಾಮಾನ್ಯವಾಗಿ ಒಂದು ದಿನದೊಳಗೆ ತಲುಪಬಲ್ಲರು.

ಅವಸರದಲ್ಲಿಯೂ ದಾಖಲೆಗಳನ್ನು ಮರೆಯುವಂತಿಲ್ಲ. ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ ವಿಮಾನ ಹತ್ತುವುದೇ ಕಷ್ಟ. ಅಮೆರಿಕದ ಪೌರತ್ವ ಪಡೆದವರಿಗೆ, ಅಲ್ಲಿ ಹುಟ್ಟಿದ ಮಕ್ಕಳಿಗೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಅಥವಾ ಭಾರತದ ವೀಸಾ ಬೇಕು; ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಭಾರತದ ಕಾನ್ಸುಲೇಟ್ ಕಚೇರಿ ಇದೆ. ಉದ್ಯೋಗ ವೀಸಾದ ಮೊಹರಿನ ಅವಧಿ ಮುಗಿದವರು ಊರಿಗೆ ಬರಬಹುದು, ಆದರೆ ಹೊಸ ಮೊಹರು ಸಿಗುವವರೆಗೆ ಮರಳುವಂತಿಲ್ಲ. ಈ ಕಾಗದಪತ್ರಗಳನ್ನು ಆರಾಮದ ದಿನಗಳಲ್ಲಿಯೇ ಸರಿಪಡಿಸಿಟ್ಟುಕೊಳ್ಳುವುದು ಒಳಿತು.

ಹಿರಿಯರು ಒಬ್ಬರೇ ಹೊರಟಾಗ

ಮಕ್ಕಳನ್ನು ನೋಡಲು ಮೊದಲ ಬಾರಿ ವಿಮಾನ ಏರುವ ಹಿರಿಯರಿಗೆ ನಿಲುಗಡೆಯ ನಿಲ್ದಾಣವೇ ದೊಡ್ಡ ಸವಾಲು. ಟಿಕೆಟ್ ಕಾದಿರಿಸುವಾಗಲೇ ಗಾಲಿಕುರ್ಚಿ ಸೌಲಭ್ಯ ಕೇಳಿದರೆ ಸಿಬ್ಬಂದಿ ಒಂದು ವಿಮಾನದಿಂದ ಇನ್ನೊಂದಕ್ಕೆ ತಲುಪಿಸುತ್ತಾರೆ. ಎರಡು ವಿಮಾನಗಳ ನಡುವೆ ಕನಿಷ್ಠ ಮೂರು ಗಂಟೆ ಇರುವಂತೆ ನೋಡಿಕೊಳ್ಳಬೇಕು. ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಸಮಯ ವಲಯ ಬದಲಾಗುವುದರಿಂದ ಮಾತ್ರೆಗಳ, ವಿಶೇಷವಾಗಿ ಇನ್ಸುಲಿನ್‌ನ ಹೊತ್ತನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳುವುದು ಅಗತ್ಯ. ಗಂಟೆಗಟ್ಟಲೆ ಕುಳಿತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಆಗಾಗ ಎದ್ದು ಓಡಾಡಬೇಕು, ನೀರು ಕುಡಿಯಬೇಕು.

ಊರಿನಿಂದ ಹೊರಡುವ ಮುನ್ನ ವಿಮಾನದ ಸಮಯವನ್ನು ಸಂಸ್ಥೆಯ ಅಂತರ್ಜಾಲ ತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಆರು ಗಂಟೆ ರಸ್ತೆಯಲ್ಲಿ ಕಳೆದು ಬಂದವರಿಗೆ ವಿಮಾನ ತಡವಾದ ಸುದ್ದಿ ದೇವನಹಳ್ಳಿಯಲ್ಲಿ ತಿಳಿಯುವುದಕ್ಕಿಂತ ಮನೆಯಲ್ಲಿದ್ದಾಗಲೇ ತಿಳಿದರೆ ಎಷ್ಟೋ ವಾಸಿ.